ಪ್ರಯಾಣಕ್ಕೆ ಮುಂಚೆ ಬಂದ ರೊಟ್ಟಿ

ಯುವಜನರ ಆರಾಧನೆಯ ಸಂದೇಶ
ವಾಕ್ಯಭಾಗ: 1 ಅರಸುಗಳು 19:1-8; ಲೂಕ 22:39-46; ಯೋಹಾನ 16:1-4

  

ನಾನು ಈ ಜಾಗದಲ್ಲಿ ನಿಂತು ಹದಿನಾಲ್ಕು ವಾರ ಆಯ್ತು. ಹಿಂದೆ ಒಂದು ಸ್ಟೂಲ್ ಇದೆ ನೋಡಿ, ಅದು ನನ್ನ ಹೆಂಡತಿ ಇಡಿಸಿದ್ದು. "ರೀ, ನಲವತ್ತು ನಿಮಿಷ ದಾಟಿದ್ರೆ ನಾನೇ ಬಂದು ಮೈಕ್ ಆಫ್ ಮಾಡ್ತೀನಿ" ಅಂದಿದ್ದಾಳೆ. ಆದ್ದರಿಂದ ಇವತ್ತಿನ ಸಂದೇಶ ಚಿಕ್ಕದು. ಕೆಲವರು ತುಂಬಾ ಜೋರಾಗಿ ಆಮೆನ್ ಅಂದ್ರಿ, ಕೇಳಿಸ್ತು.

ನಿಮ್ಮಲ್ಲಿ ತುಂಬಾ ಜನಕ್ಕೆ ನನಗೆ "ಸ್ವಲ್ಪ ಬೆನ್ನುನೋವು" ಅಂತ ಮಾತ್ರ ಗೊತ್ತಿತ್ತು. ನಾನೇ ಹಾಗೆ ಹೇಳಿದ್ದೆ. ಇವತ್ತು ನಿಜ ಹೇಳ್ತೀನಿ. ಸೊಂಟದ ಹತ್ತಿರ, ಎಲ್4-ಎಲ್5 ಅಂತಾರಲ್ಲ, ಅಲ್ಲಿ ಒಂದು ಮೂಳೆ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿತ್ತು. ನರ ಹೋಗುವ ದಾರಿ ಕಿರಿದಾಗಿತ್ತು. ಬಲಗಾಲಿನ ಉದ್ದಕ್ಕೂ ಕರೆಂಟ್ ಹೊಡೆದ ಹಾಗೆ ನೋವು. ಹತ್ತು ನಿಮಿಷ ನಡೆದರೆ ಎಲ್ಲಾದರೂ ಕೂತು ಮುಂದಕ್ಕೆ ಬಾಗಬೇಕು. ಎರಡು ವರ್ಷ ಮಾತ್ರೆ, ಫಿಸಿಯೋಥೆರಪಿ, ಇಂಜೆಕ್ಷನ್ ಎಲ್ಲಾ ಆಯ್ತು. ಪ್ರಾರ್ಥನೆಯೂ ಆಯ್ತು. ಕೊನೆಗೆ ಪಾದದ ಬಲ ಕಡಿಮೆ ಆಗೋಕೆ ಶುರುವಾದಾಗ ಡಾಕ್ಟರ್ ಹೇಳಿದರು: ನರದ ಮೇಲಿನ ಒತ್ತಡ ತೆಗೆದು, ಸ್ಕ್ರೂ, ರಾಡ್ ಹಾಕಿ ಎರಡೂ ಮೂಳೆ ಕೂಡಿಸಬೇಕು. ಐದು ವಾರದ ನಂತರದ ಒಂದು ದಿನಾಂಕ ಕೊಟ್ಟರು.

ಇವತ್ತು ನಾನು ಮಾತಾಡೋದು ಆಪರೇಷನ್ ಬಗ್ಗೆ ಅಲ್ಲ, ಆ ಐದು ವಾರಗಳ ಬಗ್ಗೆ. ಯಾಕಂದ್ರೆ ದೇವರು ನನಗೆ ಪಾಠ ಕಲಿಸಿದ್ದು ಆ ಐದು ವಾರಗಳಲ್ಲಿ.

ಸತ್ಯವೇದ ತೆಗೀರಿ. ಒಂದನೆಯ ಅರಸುಗಳು, ಹತ್ತೊಂಬತ್ತನೆಯ ಅಧ್ಯಾಯ. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.

ಹದಿನೆಂಟನೆಯ ಅಧ್ಯಾಯದಲ್ಲಿ ಏನಾಯ್ತು? ಕರ್ಮೆಲ್ ಬೆಟ್ಟ. ಎಲೀಯ ಒಬ್ಬನೇ ನಿಂತ, ಪ್ರಾರ್ಥಿಸಿದ, ಆಕಾಶದಿಂದ ಬೆಂಕಿ ಬಿತ್ತು. ನಮ್ಮ ಪೆಂತೆಕೊಸ್ತ್ ಸಭೆಗಳಿಗೆ ಆ ಅಧ್ಯಾಯ ಅಂದ್ರೆ ಪ್ರಾಣ. ಎಷ್ಟು ಸಲ ಬೋಧಿಸಿದ್ದೀನಿ ಲೆಕ್ಕ ಇಲ್ಲ. ಆದರೆ ಮುಂದಿನ ಅಧ್ಯಾಯದಲ್ಲಿ ಅದೇ ಎಲೀಯ ಈಜೆಬೆಲಳ ಒಂದು ಮಾತಿಗೆ ಹೆದರಿ ಓಡಿಹೋಗ್ತಾನೆ. ಬೇರ್ಷೆಬದಲ್ಲಿ ಆಳನ್ನು ಬಿಟ್ಟು, ಒಬ್ಬನೇ ಅಡವಿಗೆ ಒಂದು ದಿನದ ಪ್ರಯಾಣ ಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅನ್ನೋ ಅರ್ಥದಲ್ಲಿ ಪ್ರಾರ್ಥಿಸ್ತಾನೆ. ಆಮೇಲೆ ಮಲಗಿಬಿಡ್ತಾನೆ.

ಈಗ ದೇವರು ಏನು ಮಾಡಿದರು ನೋಡಿ. ನಾನಾಗಿದ್ರೆ ಏನು ಹೇಳ್ತಿದ್ದೆ? "ಏನಪ್ಪಾ ಎಲೀಯ, ನಿನ್ನೆ ತಾನೇ ಬೆಂಕಿ ಇಳಿದಿದ್ದು ನೋಡಿದ್ದೀಯ, ಎಲ್ಲಿ ಹೋಯ್ತು ನಿನ್ನ ನಂಬಿಕೆ?" ದೇವರು ಹಾಗೆ ಕೇಳಲಿಲ್ಲ. ಒಬ್ಬ ದೂತ ಬಂದ, ಅವನನ್ನು ಮುಟ್ಟಿದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ತಿನ್ನೋಕೆ ಹೇಳಿದ. ತಿಂದು ಎಲೀಯ ಮತ್ತೆ ಮಲಗಿದ. ದೂತ ಎರಡನೇ ಸಲ ಬಂದ, ಮತ್ತೆ ತಿನ್ನೋಕೆ ಹೇಳಿದ. ಕಾರಣವನ್ನೂ ಹೇಳಿದ: ಮುಂದೆ ಇರುವ ದಾರಿ ನಿನ್ನ ಶಕ್ತಿಗೆ ಮೀರಿದ್ದು. ಆ ಊಟದ ಬಲದಿಂದ ಅವನು ನಲವತ್ತು ದಿನ, ಹಗಲೂ ರಾತ್ರಿ ನಡೆದು ಹೋರೇಬ್ ಮುಟ್ಟಿದ.

ದೇವರು ದಾರಿಯನ್ನು ಚಿಕ್ಕದು ಮಾಡಲಿಲ್ಲ. ನಡೆಯುವವನನ್ನು ದಾರಿಗೆ ಸಿದ್ಧ ಮಾಡಿದರು. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ.

ದಿನಾಂಕ ಸಿಕ್ಕಿದ ಮೇಲೆ ನನಗೆ ಆಸ್ಪತ್ರೆಯಿಂದ ಒಂದು ಫೋನ್ ಬಂತು. "ಸರ್, ನೀವು ಒಂದ್ಸಲ ಬರಬೇಕು, ಪ್ರೀಹ್ಯಾಬ್‌ಗೆ." ನಾನು ರೀಹ್ಯಾಬ್ ಅಂತ ಕೇಳಿಸ್ಕೊಂಡೆ. "ಸಿಸ್ಟರ್, ಇನ್ನೂ ಆಪರೇಷನ್ನೇ ಆಗಿಲ್ವಲ್ಲ" ಅಂದೆ. ಅವರು ನಕ್ಕರು. "ಅದಕ್ಕೇ ಕರೀತಿರೋದು ಸರ್."

ಪ್ರೀಹ್ಯಾಬಿಲಿಟೇಶನ್ ಅಂದ್ರೆ ಶಸ್ತ್ರಚಿಕಿತ್ಸೆಗೆ ಮುಂಚಿನ ತಯಾರಿ. ಆಪರೇಷನ್ ಆದ ಮೇಲೆ ಎದ್ದು ನಿಲ್ಲಿಸೋದು ರೀಹ್ಯಾಬ್. ಆಪರೇಷನ್ ನಿಶ್ಚಯ ಆದ ದಿನದಿಂದ ಟೇಬಲ್ ಮೇಲೆ ಮಲಗುವ ದಿನದವರೆಗಿನ ಸಮಯವನ್ನು ಸುಮ್ಮನೆ ಭಯಪಟ್ಟು ಕಳೆಯದೆ, ಮೈಯನ್ನೂ ಮನಸ್ಸನ್ನೂ ಗಟ್ಟಿ ಮಾಡೋದು ಪ್ರೀಹ್ಯಾಬ್. ಡಾಕ್ಟರ್, ಅರಿವಳಿಕೆ ತಜ್ಞರು, ಫಿಸಿಯೋಥೆರಪಿಸ್ಟ್, ಡಯೆಟಿಷಿಯನ್ ಎಲ್ಲರೂ ಇದರಲ್ಲಿ ಇರ್ತಾರೆ. ಆದರೆ ಹತ್ತಿರ ಕೂತು, ಹೇಳಿಕೊಟ್ಟು, ವಾರವಾರ ಫೋನ್ ಮಾಡಿ ಕೇಳೋದು ಹೆಚ್ಚಾಗಿ ನರ್ಸ್.

ಮೊದಲ ದಿನ ಆ ಸಿಸ್ಟರ್ ನನ್ನ ಬಿಪಿ ನೋಡಿದರು. ಜಾಸ್ತಿ ಇತ್ತು. "ಸರ್, ಆಪರೇಷನ್ ಬಗ್ಗೆ ಏನಾದ್ರೂ ಭಯ ಇದೆಯಾ?" ಅಂತ ಕೇಳಿದರು. ನಾನು ಪಾಸ್ಟರ್ ಅಲ್ವಾ? "ಇಲ್ಲಮ್ಮ, ನನಗೇನೂ ಭಯ ಇಲ್ಲ. ಎಲ್ಲಾ ದೇವರ ಕೈಯಲ್ಲಿದೆ" ಅಂದೆ. ಅವರು ಫೈಲ್ ಮುಚ್ಚಿದರು, ಪೆನ್ ಕೆಳಗಿಟ್ಟರು. ಮತ್ತೆ ಪ್ರಶ್ನೆ ಕೇಳಲಿಲ್ಲ, ಸುಮ್ಮನೆ ಕೂತರು. ಒಂದು ನಿಮಿಷ ಆಗಿರಬಹುದು. ನನಗೆ ಕಣ್ಣಲ್ಲಿ ನೀರು ಬಂತು, ಪ್ರಿಯರೇ.

ಆಗ ಎಲ್ಲಾ ಹೇಳಿದೆ. ಎಚ್ಚರ ಆಗದೇ ಹೋದ್ರೆ? ಎದ್ದಾಗ ಕಾಲು ಅಲ್ಲಾಡದೇ ಇದ್ರೆ? ಇನ್ನೊಂದು ಭಯ ಇತ್ತು, ಅದನ್ನ ಹೆಂಡತಿಗೂ ಹೇಳಿರಲಿಲ್ಲ. ಇಷ್ಟು ಜನರ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸಿದ ಪಾಸ್ಟರ್‌ಗೇ ಆಪರೇಷನ್ ಆಯ್ತಂತೆ ಅಂತ ನೀವು ಏನು ಅಂದುಕೊಳ್ತೀರೋ ಅನ್ನೋ ಭಯ. ಸತ್ಯ ಹೇಳಬೇಕಂದ್ರೆ ಅದೇ ದೊಡ್ಡದಾಗಿತ್ತು.

ಸಿಸ್ಟರ್ ಉಪದೇಶ ಮಾಡಲಿಲ್ಲ. "ಧೈರ್ಯವಾಗಿರಿ" ಅಂತಲೂ ಅನ್ನಲಿಲ್ಲ. ಒಂದು ಹಾಳೆ ತಗೊಂಡು, ನಾನು ಹೇಳಿದ ಭಯಗಳನ್ನು ಒಂದೊಂದಾಗಿ ಬರೆದರು. ಯಾವುದಕ್ಕೆ ಅರಿವಳಿಕೆ ಡಾಕ್ಟರ್ ಉತ್ತರ ಕೊಡಬೇಕು, ಯಾವುದಕ್ಕೆ ಸರ್ಜನ್ ಕೊಡಬೇಕು ಅಂತ ಪಕ್ಕದಲ್ಲಿ ಗುರುತು ಹಾಕಿದರು. ಕೊನೆಯ ಭಯದ ಮುಂದೆ ಖಾಲಿ ಬಿಟ್ಟು, "ಇದು ನಿಮಗೂ ನಿಮ್ಮ ದೇವರಿಗೂ ಬಿಟ್ಟಿದ್ದು ಸರ್" ಅಂದರು.

ಆಮೇಲೆ ನಾನು ನನ್ನ ಯೋಜನೆ ಹೇಳಿದೆ: "ಸಿಸ್ಟರ್, ಆಪರೇಷನ್‌ಗೆ ಮುಂಚೆ ಏಳು ದಿನ ಉಪವಾಸ ಪ್ರಾರ್ಥನೆ ಮಾಡಬೇಕು ಅಂತಿದ್ದೀನಿ." ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಸರ್, ಪ್ರಾರ್ಥನೆ ಮಾಡಿ, ಆದರೆ ಊಟ ಬಿಡಬೇಡಿ. ನಿಮಗೆ ಶುಗರ್ ಇದೆ. ಗಾಯ ವಾಸಿಯಾಗೋಕೆ ಪ್ರೋಟೀನ್ ಬೇಕು, ನಡೆಯೋಕೆ ಸ್ನಾಯು ಬೇಕು. ಮೊಟ್ಟೆ ತಿನ್ನಿ, ಬೇಳೆ, ಕಾಳು, ಮೀನು ತಿನ್ನಿ. ಆಪರೇಷನ್ ದಿನ ಎಷ್ಟು ಗಂಟೆಯಿಂದ ಊಟ ಬಿಡಬೇಕು, ನೀರು ಯಾವಾಗ ನಿಲ್ಲಿಸಬೇಕು ಅಂತ ನಾವೇ ಹೇಳ್ತೀವಿ. ಆ ಉಪವಾಸ ಸರಿಯಾಗಿ ಮಾಡಿ ಸಾಕು."

ಮನೆಗೆ ಬಂದು ಬೇಜಾರಿನಲ್ಲೇ ಸತ್ಯವೇದ ತೆಗೆದೆ. ಆವತ್ತಿನ ನನ್ನ ಕ್ರಮದ ಓದು ಯಾವುದಿತ್ತು ಗೊತ್ತಾ? ಇದೇ ಹತ್ತೊಂಬತ್ತನೆಯ ಅಧ್ಯಾಯ. ಎದ್ದು ತಿನ್ನು ಅನ್ನುವ ದೂತ. ನಾನು ಆ ಜಾಗದಲ್ಲೇ ಕೂತು ನಕ್ಕೆ, ಆಮೇಲೆ ಅತ್ತೆ. ಹೆಂಡತಿಗೆ ಕೂಗಿ ಹೇಳಿದೆ, "ಏನೇ, ಎರಡು ಮೊಟ್ಟೆ ಬೇಯಿಸು." ಹಲ್ಲೆಲೂಯಾ!

ಉಪವಾಸ ತಪ್ಪು ಅಂತ ನಾನು ಹೇಳ್ತಿಲ್ಲ. ದಯವಿಟ್ಟು ಯಾರೂ ಇದನ್ನ ಕತ್ತರಿಸಿ ರೀಲ್ ಮಾಡಬೇಡಿ. ಉಪವಾಸಕ್ಕೆ ಒಂದು ಕಾಲ ಇದೆ. ಆದರೆ ಕೆಲವು ಸಲ ದೇವರ ಮಾತಿಗೆ ವಿಧೇಯರಾಗೋದು ಅಂದ್ರೆ ತಟ್ಟೆ ಮುಂದೆ ಕೂತ್ಕೊಳ್ಳೋದು.

ಆ ಐದು ವಾರ ಏನೇನು ಕಲಿಸಿದರು ಅಂತ ಹೇಳ್ತೀನಿ. ಯಾಕಂದ್ರೆ ಇಲ್ಲಿ ನಿಮ್ಮ ಅಪ್ಪ-ಅಮ್ಮಂದಿರಿಗೆ ಇಂಥ ಆಪರೇಷನ್ ಇರೋರು ಇದ್ದೀರಿ. ನಿಮ್ಮಲ್ಲೇ ಕೆಲವರು ದಿನಕ್ಕೆ ಹನ್ನೆರಡು ಗಂಟೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತು ಬೆನ್ನು ಹಿಡ್ಕೊಂಡು ಓಡಾಡ್ತಿದ್ದೀರಿ.

ಮೊದಲನೆಯದು, ಹಾಸಿಗೆಯಿಂದ ಏಳೋದು. ಐವತ್ತು ವರ್ಷ ಎದ್ದಿದ್ದೀನಿ, ಇದನ್ನೇನು ಕಲಿಯೋದು ಅಂದುಕೊಂಡೆ. ಬೆನ್ನಿನ ಆಪರೇಷನ್ ಆದವರು ನೇರವಾಗಿ ಎದ್ದು ಕೂರಬಾರದು. ಮೊಣಕಾಲು ಮಡಚಿ, ಭುಜ ಸೊಂಟ ಎರಡೂ ಒಟ್ಟಿಗೆ, ಮರದ ದಿಮ್ಮಿ ಉರುಳಿದ ಹಾಗೆ ಪಕ್ಕಕ್ಕೆ ತಿರುಗಬೇಕು. ಕಾಲು ಕೆಳಗಿಳಿಸುತ್ತಾ ಕೈಯಿಂದ ಹಾಸಿಗೆ ಒತ್ತಿ ಏಳಬೇಕು. ಬೆನ್ನು ತಿರುಚಬಾರದು. ಇದನ್ನ ನೋವಿನ ಮಧ್ಯೆ ಹೊಸದಾಗಿ ಕಲಿಯೋದು ಕಷ್ಟ. ಮುಂಚೆಯೇ ದಿನಾ ಮಾಡಿದ್ರೆ ಮೈಗೆ ಅಭ್ಯಾಸ ಆಗಿರುತ್ತೆ.

ಎರಡನೆಯದು, ಉಸಿರು. ಹೊಟ್ಟೆಯಿಂದ ನಿಧಾನವಾಗಿ ಉಸಿರು ಎಳೆದು ಬಿಡೋದು. ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಸಾಧನ ಕೊಟ್ಟರು, ಅದರಲ್ಲಿ ಉಸಿರು ಎಳೆದು ಚೆಂಡು ಮೇಲೆತ್ತಬೇಕು. ಅದು ಶ್ವಾಸಕೋಶಕ್ಕೆ. ನಿಧಾನದ ಉಸಿರು ಭಯಕ್ಕೂ ಔಷಧಿ. ರಾತ್ರಿ ಎರಡು ಗಂಟೆಗೆ ಎಚ್ಚರ ಆದಾಗ ಒಂದೊಂದು ಉಸಿರಿಗೆ ಒಂದೊಂದು ಸಲ ಯೇಸುವೇ ಅಂತ ಹೇಳ್ತಾ ಮಾಡ್ತಿದ್ದೆ.

ಮೂರನೆಯದು, ನಡಿಗೆ. ನೋವು ಬಿಡುವಷ್ಟು ಮಾತ್ರ, ಆದರೆ ದಿನಾ. ಐದು ನಿಮಿಷ, ಕೂರೋದು, ಮತ್ತೆ ಐದು ನಿಮಿಷ. ಜೊತೆಗೆ ಫಿಸಿಯೋಥೆರಪಿಸ್ಟ್ ನನಗೆ ಅಂತ ಆರಿಸಿದ ವ್ಯಾಯಾಮಗಳು. ನಿಮಗೆ ಯಾವುದು ಸರಿ ಅಂತ ನಿಮ್ಮನ್ನು ನೋಡಿದವರೇ ಹೇಳಬೇಕು, ಯೂಟ್ಯೂಬ್ ಅಲ್ಲ.

ನಾಲ್ಕನೆಯದು, ಸತ್ಯ ಹೇಳೋದು. ತಗೊಳ್ಳೋ ಎಲ್ಲಾ ಮಾತ್ರೆಗಳ ಪಟ್ಟಿ. ರಕ್ತ ತೆಳು ಮಾಡೋದು, ನಾಟಿ ಔಷಧಿ, ಕಷಾಯ, ಯಾವುದನ್ನೂ ಮುಚ್ಚಿಡಬಾರದು. ನನ್ನ ಪಕ್ಕದಲ್ಲಿ ಒಬ್ಬ ಹುಡುಗ ಕೂತಿದ್ದ, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು. ಅಮ್ಮ ಪಕ್ಕದಲ್ಲಿದ್ದರು ಅಂತ ಸಿಗರೇಟ್ ಸೇದಲ್ಲ ಅಂದ. ಸಿಸ್ಟರ್ ಅವನ ಅಮ್ಮನನ್ನು ಫೈಲ್ ತರೋಕೆ ಕಳಿಸಿ, ಮೆಲ್ಲಗೆ ಮತ್ತೆ ಕೇಳಿದರು. ಆಗ ಒಪ್ಪಿಕೊಂಡ. ನಿಕೋಟಿನ್ ಇದ್ರೆ ಕೂಡಿಸಿದ ಮೂಳೆ ಬೆಸೆದುಕೊಳ್ಳೋದು ಕಷ್ಟ, ಗಾಯವೂ ನಿಧಾನ ಅಂತ ವಿವರಿಸಿದರು. ಬೈಯಲಿಲ್ಲ. ಬಿಡೋಕೆ ಸಹಾಯ ಮಾಡ್ತೀವಿ ಅಂದರು. ಅವನ ಮುಖ ನೋಡಿ ನನಗೆ ಅನ್ನಿಸಿತು: ಪಾಪ ಅರಿಕೆ ಮಾಡೋಕೆ ಬರುವ ನಮ್ಮ ಹುಡುಗರಿಗೆ ನಾನು ಇಷ್ಟು ಸುರಕ್ಷಿತ ಜಾಗ ಕೊಟ್ಟಿದ್ದೀನಾ?

ಐದನೆಯದು, ಎಚ್ಚರ ಆದಾಗ ಏನಿರುತ್ತೆ ಅಂತ ಮೊದಲೇ ಹೇಳಿದರು. "ಸರ್, ಕೆಲವು ಗಂಟೆ ಬೋರಲು ಮಲಗಿಸಿರ್ತಾರೆ, ಮುಖ ಸ್ವಲ್ಪ ಊದಿರಬಹುದು. ಗಂಟಲಲ್ಲಿ ಪೈಪ್ ಹಾಕಿರ್ತಾರೆ, ಆಮೇಲೆ ಗಂಟಲು ನೋಯುತ್ತೆ. ಯೂರಿನ್ ಪೈಪ್ ಇರುತ್ತೆ. ಬೆನ್ನಿನ ಹತ್ತಿರ ರಕ್ತ ಹೋಗೋಕೆ ಒಂದು ಪೈಪ್ ಇರಬಹುದು. ಕಾಲು ಅಲ್ಲಾಡಿಸಿ ಅಂತಾರೆ, ಅಲ್ಲಾಡಿಸಿ. ಕಾಲಿನ ಜೋಮು ಪೂರ್ತಿ ಹೋಗೋಕೆ ಸಮಯ ಹಿಡಿಯಬಹುದು, ಅದಕ್ಕೆ ಗಾಬರಿ ಬೇಡ. ನೋವು ಇರುತ್ತೆ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳ್ತಾರೆ. ನಿಜ ಹೇಳಿ, ನೋವು ತುಂಬಾ ಏರೋಕೆ ಮುಂಚೆಯೇ ಹೇಳಿ."

ಇಷ್ಟೆಲ್ಲಾ ಮೊದಲೇ ಹೇಳಿದ್ರೆ ಭಯ ಜಾಸ್ತಿ ಆಗಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 1964ರಲ್ಲೇ ಅಮೆರಿಕದ ಬಾಸ್ಟನ್‌ನಲ್ಲಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಇದನ್ನ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ಜನ. ಒಂದು ಗುಂಪಿನ ರೋಗಿಗಳ ಹತ್ತಿರ ಅರಿವಳಿಕೆ ವೈದ್ಯರು ಕೂತು, ನೋವು ಎಲ್ಲಿ ಬರುತ್ತೆ, ಯಾಕೆ ಬರುತ್ತೆ, ಉಸಿರು ಹೇಗೆ ಎಳೀಬೇಕು, ಹೇಗೆ ಹೊರಳಬೇಕು ಅಂತ ವಿವರಿಸಿದರು. ಇನ್ನೊಂದು ಗುಂಪಿಗೆ ಆ ವಿವರಣೆ ಇಲ್ಲ. ಮೊದಲೇ ಕೇಳಿಸಿಕೊಂಡವರಿಗೆ ಆಮೇಲೆ ಬೇಕಾದ ಬಲವಾದ ನೋವಿನ ಔಷಧಿ ಸುಮಾರು ಅರ್ಧ. ಸರಾಸರಿ 2.7 ದಿನ ಮುಂಚೆ ಅವರು ಮನೆಗೆ ಹೋದರು.

ಯಾಕೆ? ಭಯ ಇದ್ದಾಗ ಸ್ನಾಯು ಬಿಗಿಯುತ್ತೆ, ನಿದ್ದೆ ಹೋಗುತ್ತೆ, ಉಸಿರು ಮೇಲೆಮೇಲೆ ಆಗುತ್ತೆ. ಏನಾಗ್ತಿದೆ ಅಂತ ಗೊತ್ತಿಲ್ಲದ ನೋವು, ಗೊತ್ತಿರುವ ನೋವಿಗಿಂತ ದೊಡ್ಡದಾಗಿ ಕಾಣುತ್ತೆ.

ಯೋಹಾನ ಹದಿನಾರನೆಯ ಅಧ್ಯಾಯದ ಮೊದಲ ನಾಲ್ಕು ವಚನ ನೋಡಿ. ಯೇಸುಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ರಾತ್ರಿ. ಶಿಷ್ಯರಿಗೆ ಏನು ಹೇಳ್ತಾರೆ? ಎಲ್ಲಾ ಚೆನ್ನಾಗಿರುತ್ತೆ ಅಂತ ಹೇಳಲಿಲ್ಲ. ನಿಮ್ಮನ್ನು ಸಭಾಮಂದಿರದಿಂದ ಹೊರಗೆ ಹಾಕ್ತಾರೆ, ಕೊಲ್ಲುವ ಕಾಲವೂ ಬರುತ್ತೆ ಅಂತ ಬಿಚ್ಚಿ ಹೇಳಿದರು. ಯಾಕೆ ಹೇಳಿದರು? ಆ ಗಳಿಗೆ ಬಂದಾಗ ಅವರು ಎಡವಿ ಬೀಳದ ಹಾಗೆ, ನಾನು ಮುಂಚೆಯೇ ಹೇಳಿದ್ದೆ ಅನ್ನೋದು ನೆನಪಾಗುವ ಹಾಗೆ. ಪ್ರೀತಿ ಮುಂಚೆಯೇ ಹೇಳುತ್ತೆ, ಪ್ರಿಯರೇ. ಮುಚ್ಚಿಟ್ಟು ಸಮಾಧಾನ ಮಾಡಲ್ಲ.

ಆಪರೇಷನ್ ದಿನ ಬಂತು. ಎಚ್ಚರ ಆದಾಗ ಗಂಟಲು ಉರೀತಿತ್ತು. ಮುಖ ಭಾರ. ಎಲ್ಲೋ ಒಂದು ಮಷೀನ್ ಟಿಕ್ ಟಿಕ್ ಅಂತಿತ್ತು. ಒಂದು ಕ್ಷಣ ಎದೆ ಹೊಡ್ಕೊಳ್ತು. ಆಮೇಲೆ ನೆನಪಾಯ್ತು: ಇದೆಲ್ಲಾ ಆ ಸಿಸ್ಟರ್ ಹೇಳಿದ್ದೇ ಅಲ್ವಾ? ಗಂಟಲು, ಹೌದು, ಹೇಳಿದ್ದರು. ಮುಖ, ಹೇಳಿದ್ದರು. ಯಾರೋ "ಕಾಲು ಅಲ್ಲಾಡಿಸಿ" ಅಂದರು. ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಆ ಹೆಬ್ಬೆರಳಿಗಾಗಿ ನಾನು ಸ್ತುತಿಸಿದಷ್ಟು ನನ್ನ ಜೀವನದಲ್ಲಿ ಯಾವುದಕ್ಕೂ ಸ್ತುತಿಸಿಲ್ಲ.

ಆದರೆ ಆ ರಾತ್ರಿ ಒಂದು ತಪ್ಪು ಮಾಡಿದೆ. ಡ್ಯೂಟಿ ಸಿಸ್ಟರ್ ಬಂದು "ನೋವು ಎಷ್ಟು ಸರ್?" ಅಂದರು. ಎಂಟು ಇತ್ತು. ನಾನು "ಮೂರು" ಅಂದೆ. ಯಾಕಂದ್ರೆ ಪಾಸ್ಟರ್. ಯೇಸು ಶಿಲುಬೆ ಹೊತ್ತರು, ನಾನು ಇಷ್ಟು ತಾಳಲಾರೆನಾ ಅನ್ನೋ ಹೆಮ್ಮೆ. ಅರ್ಧ ಗಂಟೆಯಲ್ಲಿ ಮಂಚದ ಸರಳು ಹಿಡಿದು ನಡುಗ್ತಿದ್ದೆ. ಅವರು ಮತ್ತೆ ಬಂದು ನೋಡಿ, "ಸರ್, ನೀವು ಮೂರು ಅಂದ್ರೆ ನಾನು ಮೂರಕ್ಕೆ ತಾನೇ ಔಷಧಿ ಕೊಡೋದು" ಅಂದರು.

ಆ ಮಾತು ನನ್ನ ಪ್ರಾರ್ಥನಾ ಜೀವನದ ಮೇಲೆ ಬಂದ ತೀರ್ಪಿನ ಹಾಗಿತ್ತು. ದೇವರ ಮುಂದೆಯೂ ನಾವು ಎಂಟಿದ್ದಾಗ ಮೂರು ಅಂತೀವಿ, ಅಲ್ವಾ? "ಹೇಗಿದ್ದೀರಿ ಬ್ರದರ್?" "ಪ್ರೈಸ್ ದ ಲಾರ್ಡ್, ಚೆನ್ನಾಗಿದ್ದೀನಿ." ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ಅಳೋದು. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಮೂರು ಜನ ಶಿಷ್ಯರ ಹತ್ತಿರ ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಅಂತ ಬಾಯಿಬಿಟ್ಟು ಹೇಳಿದರು. ತಂದೆಯ ಹತ್ತಿರ ಈ ಪಾತ್ರೆ ಬೇಡ ಅಂತ ಕೇಳಿದರು. ಪಾಪವಿಲ್ಲದ ದೇವಕುಮಾರನು ತನ್ನ ಸಂಕಟವನ್ನು ಮುಚ್ಚಿಡಲಿಲ್ಲ. ಹಾಗಿದ್ರೆ ಭಯಪಡೋದು, ನೋವು ಹೇಳೋದು ಅಪನಂಬಿಕೆ ಅಂತ ನಮಗೆ ಯಾರು ಕಲಿಸಿದ್ದು?

ಇನ್ನೊಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಪ್ರೀಹ್ಯಾಬ್ ಮಾಡಿದ್ರೆ ನೋವೇ ಇರಲ್ಲ ಅಂತ ಅಲ್ಲ. ಡೆನ್ಮಾರ್ಕ್‌ನಲ್ಲಿ ಸೊಂಟದ ಬೆನ್ನೆಲುಬಿನ ಆಪರೇಷನ್ ಆಗುವ 60 ಜನರ ಮೇಲೆ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಮುಂಚಿನ ತಯಾರಿಯೂ, ಆಪರೇಷನ್ ಆದ ತಕ್ಷಣ ಬೇಗ ಎಬ್ಬಿಸುವ ಆರೈಕೆಯೂ ಸಿಕ್ಕಿತು. ಇನ್ನೊಂದಕ್ಕೆ ಎಂದಿನ ಆರೈಕೆ. ತಯಾರಾದವರು ಬೇಗ ಎದ್ದು ಓಡಾಡಿದರು. ಅವರು ಸಾಮಾನ್ಯವಾಗಿ 5 ದಿನಕ್ಕೆ ಮನೆಗೆ ಹೋದರು, ಇನ್ನೊಂದು ಗುಂಪಿನವರು 7 ದಿನಕ್ಕೆ. ಆದರೆ ಬೆನ್ನಿನ ನೋವು, ಕಾಲಿನ ನೋವು? ಎರಡೂ ಗುಂಪಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ.

ಇದನ್ನ ಓದಿದಾಗ ಲೂಕ ಇಪ್ಪತ್ತೆರಡು ನನ್ನ ಕಣ್ಣಮುಂದೆ ಬಂತು. ಯೇಸು ಪ್ರಾರ್ಥಿಸಿದರು. ಪಾತ್ರೆ ಹೋಗಲಿಲ್ಲ. ಪರಲೋಕದಿಂದ ಒಬ್ಬ ದೂತ ಬಂದು ಆತನನ್ನು ಬಲಪಡಿಸಿದ. ಅದರ ಮುಂದಿನ ವಚನ ನೋಡಿ: ಬಲ ಬಂದ ಮೇಲೂ ಸಂಕಟ ಇದ್ದೇ ಇತ್ತು, ಬೆವರು ರಕ್ತದ ಹನಿಗಳ ಹಾಗೆ ಬಿತ್ತು. ಆದರೆ ಆ ಪ್ರಾರ್ಥನೆಯಿಂದ ಆತನು ಎದ್ದರು. ಎದ್ದು ಮಲಗಿದ್ದ ಶಿಷ್ಯರನ್ನು ಎಬ್ಬಿಸಿದರು, ಬಂದವರಿಗೆ ಮುಖ ಕೊಟ್ಟು ನಿಂತರು. ನೋವು ಅಷ್ಟೇ ಇರಬಹುದು. ಏಳುವ ಬಲ ಬೇರೆಯಾಗಿರುತ್ತೆ. ನಮ್ಮ ಸಭೆಯಲ್ಲಿ ಪಾತ್ರೆ ಹೋಗಿದ್ದಕ್ಕೆ ಮಾತ್ರ ಸಾಕ್ಷಿ ಹೇಳಿಸ್ತೀವಿ. ಪಾತ್ರೆ ಹೋಗದಿದ್ದರೂ ದೂತ ಬಂದಿದ್ದಕ್ಕೆ ಯಾಕೆ ಸಾಕ್ಷಿ ಹೇಳಿಸಲ್ಲ?

ದೇವರು ಸ್ವಸ್ಥ ಮಾಡ್ತಾರೆ ಅಂತ ನಾನು ಈಗಲೂ ನಂಬ್ತೀನಿ. ರೋಗಿಗಳ ಮೇಲೆ ಕೈಯಿಟ್ಟು ಪ್ರಾರ್ಥಿಸೋದನ್ನು ನಿಲ್ಲಿಸಲ್ಲ. ಆದರೆ ಆ ಐದು ವಾರ ನನ್ನ ಹತ್ತಿರ ಬಂದ ದೂತನಿಗೆ ರೆಕ್ಕೆ ಇರಲಿಲ್ಲ, ಕೊರಳಲ್ಲಿ ಐಡಿ ಕಾರ್ಡ್ ಇತ್ತು.

ಈಗ ನಾನು ಒಬ್ಬರ ಹತ್ತಿರ ಕ್ಷಮೆ ಕೇಳಬೇಕು. ಅವರು ಇವತ್ತು ಇಲ್ಲಿ ಕೂತಿದ್ದಾರೆ, ಹೆಸರು ಹೇಳಲ್ಲ. ಈ ಮಾತು ಹೇಳೋಕೆ ಅವರ ಅನುಮತಿ ಕೇಳಿದ್ದೀನಿ. ಮೂರು ವರ್ಷದ ಹಿಂದೆ ಆ ಅಮ್ಮನಿಗೂ ಬೆನ್ನಿನ ಆಪರೇಷನ್ ಆಯ್ತು. ಹಿಂದಿನ ಸಂಜೆ ನಾನು ಆಸ್ಪತ್ರೆಗೆ ಹೋಗಿದ್ದೆ. ಅವರು ಏನೋ ಹೇಳೋಕೆ ಬಾಯಿ ತೆಗೆದರು. ನಾನು "ಭಯಪಡಬೇಡಿ ಅಮ್ಮ, ನಂಬಿಕೆ ಇದ್ದಲ್ಲಿ ಭಯ ಇರಲ್ಲ" ಅಂತ ಹೇಳಿ, ಪ್ರಾರ್ಥಿಸಿ, ಐದು ನಿಮಿಷದಲ್ಲಿ ಹೊರಟೆ. ಇನ್ನೆರಡು ಮನೆ ಭೇಟಿ ಇತ್ತು.

ಈಗ ನಾನು ಮನೆಯಲ್ಲಿ ಮಲಗಿದ್ದಾಗ ಅವರು ನೋಡೋಕೆ ಬಂದಿದ್ದರು. ಸಾರು ತಂದಿದ್ದರು. ಹಾಸಿಗೆ ಪಕ್ಕ ಕೂತು ಹೇಳಿದರು: "ಪಾಸ್ಟರ್, ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಪರೇಷನ್ ಭಯಕ್ಕಿಂತ ಜಾಸ್ತಿ, ನಾನು ಭಯಪಡ್ತಿದ್ದೀನಲ್ಲ, ದೇವರು ನನ್ನ ಕೈಬಿಡ್ತಾರೇನೋ ಅನ್ನೋ ಭಯ."

ಪ್ರಿಯರೇ, ಆಕೆಗೆ ಒಂದು ಭಯ ಇತ್ತು. ನಾನು ಹೋಗಿ ಎರಡು ಮಾಡಿ ಬಂದೆ. ಅಮ್ಮ, ನಿಮ್ಮನ್ನು ಸಭೆಯ ಮುಂದೆ ಕ್ಷಮೆ ಕೇಳ್ತೀನಿ. ನಾನು ಕೂತು ಕೇಳಬೇಕಿತ್ತು.

ಸತ್ಯವೇದದಲ್ಲಿ ಭಯಪಡಬೇಡ ಅನ್ನೋ ಮಾತು ಬರುವಲ್ಲಿ ಎಷ್ಟೋ ಕಡೆ ಅದರ ಪಕ್ಕದಲ್ಲೇ ಜೊತೆಗಿರುವ ವಾಗ್ದಾನವೂ ಇದೆ. ನಾವು ಮೊದಲ ಅರ್ಧವನ್ನು ಮಾತ್ರ ಹೇಳಿ ಲಿಫ್ಟ್ ಹತ್ತಿಬಿಡ್ತೀವಿ. ಜೊತೆಗೆ ಇರದೇ ಇದ್ರೆ, ಭಯಪಡಬೇಡ ಅನ್ನೋಕೆ ನಮಗೆ ಹಕ್ಕಿಲ್ಲ.

ಹಾಗಾದ್ರೆ ನಾವೇನು ಮಾಡೋಣ? ನಿಮ್ಮ ಸೆಲ್ ಗ್ರೂಪ್‌ನಲ್ಲಿ, ನಿಮ್ಮ ಪಿಜಿಯಲ್ಲಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ದಿನಾಂಕ ಸಿಕ್ಕಿದ್ರೆ, ಆದ ಮೇಲೆ ಹಣ್ಣಿನ ಬುಟ್ಟಿ ತಗೊಂಡು ಹೋಗೋಕೆ ಕಾಯಬೇಡಿ. ಮುಂಚೆಯೇ ಹೋಗಿ. ಒಂದು, ಏನು ಭಯ ಅಂತ ಕೇಳಿ, ಬಾಯಿ ಮುಚ್ಚಿ ಕೂತ್ಕೊಳ್ಳಿ. ಎರಡು, ಪ್ರಶ್ನೆಗಳನ್ನು ಬರೆದುಕೊಂಡು ಆಸ್ಪತ್ರೆಗೆ ಜೊತೆಗೆ ಹೋಗಿ. ತಯಾರಿಗೆ ಏನು ಮಾಡಬೇಕು ಅಂತ ನರ್ಸನ್ನು, ಡಾಕ್ಟರನ್ನು ಕೇಳಿ. ಎಲ್ಲಾ ಕಡೆ ಪ್ರೀಹ್ಯಾಬ್ ವಿಭಾಗ ಇರಲ್ಲ, ಆದರೆ ಕೇಳಿದ್ರೆ ಹೇಳಿಕೊಡೋರು ಇರ್ತಾರೆ. ಮೂರು, ಸಂಜೆ ಅವರ ಜೊತೆ ನಡೀರಿ. ಅವರ ಐದು ನಿಮಿಷ ನಿಮ್ಮ ಐದು ನಿಮಿಷ ಆಗಲಿ. ನಾಲ್ಕು, ಊಟ ತಗೊಂಡು ಹೋಗಿ. ದೂತ ರೊಟ್ಟಿ ಸುಟ್ಟ, ನೀವು ಮೊಟ್ಟೆ ಸಾರು ಮಾಡೋಕೆ ಆಗಲ್ವಾ? ಇದೆಲ್ಲದರ ಜೊತೆ ಪ್ರಾರ್ಥನೆ ಮಾಡಿ, ಇದೆಲ್ಲದರ ಬದಲು ಅಲ್ಲ.

ಒಂದು ಎಚ್ಚರಿಕೆಯೂ ಹೇಳಿಬಿಡ್ತೀನಿ. ಬೆನ್ನುನೋವು ಇರುವವರಿಗೆ ಇದ್ದಕ್ಕಿದ್ದ ಹಾಗೆ ಮೂತ್ರ ಮಲ ಹಿಡಿತ ತಪ್ಪಿದ್ರೆ, ಕೂರುವ ಜಾಗ ಮರಗಟ್ಟಿದ್ರೆ, ಕಾಲುಗಳ ಬಲ ಬೇಗಬೇಗ ಹೋಗ್ತಿದ್ರೆ, ಅದು ಕಾಯುವ ಸಮಯ ಅಲ್ಲ. ಆಗ ನನಗೆ ಫೋನ್ ಮಾಡಬೇಡಿ. ಮೊದಲು ಆಸ್ಪತ್ರೆಗೆ ಹೋಗಿ, ದಾರಿಯಲ್ಲಿ ಫೋನ್ ಮಾಡಿ, ನಾನು ಅಲ್ಲಿಗೇ ಬರ್ತೀನಿ.

ನಮ್ಮ ಸಭೆಯಲ್ಲಿ ನರ್ಸಿಂಗ್ ಓದುವ, ನರ್ಸ್ ಆಗಿ ಕೆಲಸ ಮಾಡುವ ಮಕ್ಕಳು ತುಂಬಾ ಜನ ಇದ್ದೀರಿ. ನೈಟ್ ಡ್ಯೂಟಿ ಮುಗಿಸಿ ಬಂದು ಆರಾಧನೆಯಲ್ಲಿ ತೂಕಡಿಸ್ತೀರಿ, ನಾನು ಇಲ್ಲಿಂದ ನೋಡಿದ್ದೀನಿ. ಇನ್ಮೇಲೆ ಬೇಜಾರು ಮಾಡ್ಕೊಳ್ಳಲ್ಲ. ಎಲೀಯನೂ ಮಲಗಿದ್ದ. "ನನಗೆ ಸೇವೆಗೆ ಕರೆ ಇದೆ, ಆಸ್ಪತ್ರೆ ಕೆಲಸ ಬಿಡಲಾ ಪಾಸ್ಟರ್?" ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಮಗಳೇ, ಮಗನೇ, ಹೆದರಿದವನ ಮಂಚದ ಹತ್ತಿರ ಫೈಲ್ ಮುಚ್ಚಿ ಒಂದು ನಿಮಿಷ ಸುಮ್ಮನೆ ಕೂತ್ಕೊಂಡ್ರೆ ಅದೇ ಸೇವೆ. ನನಗೆ ಆ ಸೇವೆ ಸಿಕ್ಕಿದೆ, ನಾನು ಸಾಕ್ಷಿ.

ಇವತ್ತು ಯಾರಿಗಾದರೂ ಒಂದು ದಿನಾಂಕ ಕೈಯಲ್ಲಿದೆಯಾ? ಆಪರೇಷನ್ ಇರಬಹುದು, ಸ್ಕ್ಯಾನ್ ರಿಪೋರ್ಟ್ ಇರಬಹುದು, ಇನ್ನೇನೋ ಇರಬಹುದು. ಮುಂದೆ ಬರಬೇಕಾಗಿಲ್ಲ. ಕೂತಲ್ಲೇ ಕೈ ಎತ್ತಿ. ಪಕ್ಕದಲ್ಲಿ ಇರೋರು ಅವರ ಹತ್ತಿರ ಜರುಗಿ. ಈಗ ಪ್ರಾರ್ಥನೆ ಆದ ಮೇಲೆ ಓಡಿಹೋಗಬೇಡಿ, ಅವರ ನಂಬರ್ ತಗೊಳ್ಳಿ. ನಿಮ್ಮ ನೋವು ಎಂಟಿದ್ರೆ ಎಂಟು ಅಂತಲೇ ಹೇಳಿ.

ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಹೆದರಿ ಓಡಿದ ನಿನ್ನ ಪ್ರವಾದಿಯನ್ನು ನೀನು ಗದರಿಸಲಿಲ್ಲ, ಊಟ ಕೊಟ್ಟೆ. ಇಲ್ಲಿ ಕೈ ಎತ್ತಿರುವ ಒಬ್ಬೊಬ್ಬರನ್ನೂ ಮುಟ್ಟು. ಸ್ವಸ್ಥ ಮಾಡಪ್ಪಾ. ಪಾತ್ರೆಯನ್ನು ತೆಗೆಯುವುದು ನಿನ್ನ ಚಿತ್ತವಾದರೆ ತೆಗೆ. ಇಲ್ಲದಿದ್ದರೆ ಬಲಪಡಿಸುವ ದೂತನನ್ನು ಕಳುಹಿಸು. ಆ ದೂತನ ಕೆಲಸಕ್ಕೆ ನಮ್ಮನ್ನು ಕರೆದರೆ, ಆ ಹೊತ್ತಲ್ಲಿ ನಾವು ನಿದ್ರೆ ಮಾಡದಂತೆ ಕಾಪಾಡು. ಆಸ್ಪತ್ರೆಗಳಲ್ಲಿ ಈ ಹೊತ್ತು ಎಚ್ಚರವಾಗಿರುವ ಎಲ್ಲಾ ನರ್ಸ್‌ಗಳನ್ನು, ಡಾಕ್ಟರ್‌ಗಳನ್ನು ಆಶೀರ್ವದಿಸು. ಅವರ ಕೈಗಳಿಗೆ ಬಲ ಕೊಡು, ಅವರಿಗೂ ಯಾರಾದರೂ ರೊಟ್ಟಿ ತರಲಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ.

ಆಮೆನ್. ದೇವರು ನಿಮ್ಮನ್ನು ಆಶೀರ್ವದಿಸಲಿ. ನಲವತ್ತು ನಿಮಿಷ ಆಯ್ತು, ನಾನು ಕೂತ್ಕೊಳ್ತೀನಿ.